ದೊಣೆಯ ದಾರಿಯ ಏಳು ಗುರುತು

ಆ ಕಲ್ಲುಗಳನ್ನು ಕೆಡವಿದ್ದು ನಾನು, ಯಂಕಮ್ಮ ಅಲ್ಲ. ಇಷ್ಟು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು—ಮಕ್ಕಳಿಗೆ ದಿನಬೆಳಗಾದರೆ ನಿಜ ಹೇಳಿ ಎಂದು ಗದರುತ್ತಿದ್ದ ಶಿಕ್ಷಕಿಗೆ.

ರಾಯಚೂರಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ರಜೆ ಬಂತೆಂದರೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಸುತ್ತಿದ್ದನ್ನೆಲ್ಲ ಪತ್ರಿಕೆಗೆ ಬರೆಯುವ ಚಟ ಬೇರೆ. ಒಂದು ಚಳಿಗಾಲದಲ್ಲಿ ದೇವದುರ್ಗಕ್ಕೆ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋದಲ್ಲಿ ಕುಲುಕಾಡುತ್ತ ಒಂದು ಸಣ್ಣ ಹಳ್ಳಿಗೆ ಹೋದೆ. ಊರ ಹಿಂದೆ ಬರೀ ಬಂಡೆಗಳ ಗುಡ್ಡ, ಅದರ ನೆತ್ತಿಯಲ್ಲಿ ಬೇಸಿಗೆಯಲ್ಲೂ ಬತ್ತದ ದೊಣೆ—ಬಂಡೆಯ ಹೊಟ್ಟೆಯಲ್ಲಿ ನಿಂತ ತಣ್ಣನೆಯ ನೀರು. ಆಡು ಕಾಯುವ ಯಂಕಮ್ಮ ದಾರಿ ತೋರಿಸಿದಳು.

ತಿರುವಿಗೊಂದರಂತೆ ಏಳು ಕಡೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದರು. ಮಾನ್ವಿ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರಿಗೆ ನೀರಿನ ದಾರಿ ಹೇಳುವ ಗುರುತುಗಳವು. ಅವು ಬಿದ್ದರೆ ಕೆಡವಿದವರೇ ಎತ್ತಿ ಇಡಬೇಕು, ಬೇರೆಯವರು ಮುಟ್ಟುವಂತಿಲ್ಲ—ಇದು ಆ ಗುಡ್ಡದ ಕಟ್ಟಳೆ ಎಂದು ಅವಳೇ ನನಗೆ ಹೇಳಿದ್ದಳು.

ಮೇಲಿನಿಂದ ದೂರದಲ್ಲಿ ಕೃಷ್ಣೆ ಬೆಳ್ಳಗೆ ಕಂಡಳು. ನನಗೆ ದುರಾಸೆ ಹುಟ್ಟಿತು. ಇದನ್ನು ಮೊದಲು ಬರೆಯುವವಳು ನಾನೇ ಆಗಬೇಕು, ಅಲ್ಲಿಯವರೆಗೆ ಬೇರೆ ಯಾವ ಬರಹಗಾರನೂ ಇಲ್ಲಿಗೆ ಹತ್ತಬಾರದು—ಹಾಗೆ ಹತ್ತಲು ಯಾರು ತುದಿಗಾಲಲ್ಲಿ ನಿಂತಿದ್ದರೋ! ಯಂಕಮ್ಮ ಆಡುಗಳ ಹಿಂದೆ ಇನ್ನೊಂದು ಮಗ್ಗುಲಿಗೆ ಇಳಿದಳು. ನಾನು ಒಬ್ಬಳೇ ಇಳಿಯುತ್ತ ಏಳನ್ನೂ ಕಾಲಿನಿಂದ ತಳ್ಳಿದೆ. 'ನಾನು ಕಂಡುಹಿಡಿದ ದೊಣೆ' ಎಂದು ಬರೆದೆ. ಲೇಖನದಲ್ಲಿ ಅವಳ ಹೆಸರಿರಲಿಲ್ಲ.

ಮರುವರ್ಷ ಮತ್ತೆ ಹೋದಾಗ ಗೊತ್ತಾಯಿತು. ಮಾನ್ವಿಯ ಕುರುಬರು ಬೇಸಿಗೆಯಲ್ಲಿ ದಾರಿ ಸಿಗದೆ, ಬಾಯಾರಿದ ಕುರಿಗಳೊಂದಿಗೆ ವಾಪಸಾಗಿದ್ದರು. ನೀರು ತನ್ನ ಆಡುಗಳಿಗೇ ಇರಲೆಂದು ಯಂಕಮ್ಮನೇ ಕೆಡವಿದಳೆಂದು ಊರು ತೀರ್ಮಾನಿಸಿತ್ತು. ಎತ್ತಿ ಇಡು ಎಂದರಂತೆ. ಇಟ್ಟರೆ ತಪ್ಪು ಒಪ್ಪಿಕೊಂಡಂತೆ—ಅವಳು ಇಡಲಿಲ್ಲ. ಅಂದಿನಿಂದ ಅವಳ ಆಡುಗಳನ್ನು ಯಾರೂ ತಮ್ಮ ಹಿಂಡಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ.

"ಅಕ್ಕೋರ, ನೀವು ಇಳಿಯೂ ಮುಂದ ಕಲ್ಲು ನಿಂತಿದ್ವಲ್ಲರೀ? ನೀವರ ಇವ್ರಿಗೆ ಹೇಳ್ರಿ" ಎಂದಳು.

"ನೆನಪಿಲ್ಲ ಯವ್ವಾ" ಎಂದೆ.

ಎರಡೇ ಮಾತು. ಕಲ್ಲು ಕೆಡವಿದ್ದು ಕಾಲು, ಈ ಸುಳ್ಳನ್ನು ಆಡಿದ್ದು ನಾನೇ.

ಈ ವರ್ಷ ಆ ಊರಿನ ಹುಡುಗರು ಪ್ರವಾಸಿಗರಿಗೆಂದು ಗುಡ್ಡದ ಬುಡದಲ್ಲಿ ಫಲಕ ಹಾಕಿಸಿದರು. ದೊಣೆ ಕಂಡುಹಿಡಿದವರು ಎಂದು ನನ್ನ ಹೆಸರು! ಉದ್ಘಾಟನೆಗೂ ನನ್ನನ್ನೇ ಕರೆದರು. ಶಾಮಿಯಾನದ ಕೆಳಗೆ ಶಾಲು ಹೊದಿಸುವ ಮೊದಲೇ ಮೈಕ್ ಹಿಡಿದೆ.

"ಕಲ್ಲು ಕೆಡವಿದಾಕಿ ನಾನು. ಯಂಕಮ್ಮ ಅಲ್ಲ."

ಹಿಂದಿನ ಸಾಲಿನಿಂದ ಯಂಕಮ್ಮ ಕೋಲೂರಿ ಎದ್ದು ಬಂದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗಾದ್ರ ಬರ್ರಿ. ಕೆಡವಿದವ್ರ ಇಡಬೇಕಲ್ಲ."

ಮುಂದೆ ಅವಳು, ಹಿಂದೆ ರೇಷ್ಮೆ ಸೀರೆಯ ನಾನು, ನಮ್ಮ ಹಿಂದೆ ಇಡೀ ಊರು. ಕಲ್ಲು ಎತ್ತಿ ಎತ್ತಿ ಅಂಗೈ ಸುಲಿಯಿತು. ಅವಳು ಬಂಡೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತ, ಎರಡನೆಯದು ಸೊಟ್ಟಗಾಗಿದೆ, ಇಳಿಸಿ ಮತ್ತೆ ಇಡಿ ಎಂದಳು. ಇಟ್ಟೆ. ಜನ ನಕ್ಕರು. ನಾಚಿಕೆಯಾಯಿತು ನಿಜ, ಆದರೆ ಹನ್ನೆರಡು ವರ್ಷಗಳಲ್ಲಿ ಅಷ್ಟು ಹಗುರಾಗಿ ನಾನು ಯಾವ ಗುಡ್ಡವನ್ನೂ ಹತ್ತಿರಲಿಲ್ಲ. ಐದನೆಯ ಗುರುತು ದಾಟಿದ ಮೇಲೆ ಅವಳು ಕೋಲನ್ನು ನನ್ನ ಕೈಗೆ ಕೊಟ್ಟು ಬರಿಗೈಯಲ್ಲೇ ಹತ್ತಿದಳು.

ಅಂದು ಅವಳತ್ತ ಮೊದಲು ಬೆರಳು ತೋರಿಸಿದ್ದ ಮುದುಕ ಹನುಮಂತಪ್ಪ, ದೊಣೆಯಿಂದ ಚೊಂಬಿನಲ್ಲಿ ನೀರು ಮೊಗೆದು ಎಲ್ಲರಿಗಿಂತ ಮೊದಲು ಅವಳ ಮುಂದೆ ಹಿಡಿದ.

"ಕುಡಿಯವ್ವಾ. ತಪ್ಪು ನಮ್ದ ಆತು."

ಅವಳು ಅವಸರ ಮಾಡಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಚೊಂಬು ಖಾಲಿಯಾಗುವವರೆಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹುಡುಗರು ಕೇಕೆ ಹಾಕಿದರು. ನಾನೂ ಅಳುತ್ತಲೇ ಚಪ್ಪಾಳೆ ತಟ್ಟಿದೆ.

ಕ್ಷಮಿಸು ಎಂದು ನಾನು ಕೇಳಲಿಲ್ಲ, ಕ್ಷಮಿಸಿದೆ ಎಂದು ಅವಳೂ ಹೇಳಲಿಲ್ಲ. ಫಲಕವನ್ನು ಅಂದೇ ಕೀಳಿಸಿದೆವು. ಈ ಬೇಸಿಗೆಯಲ್ಲಿ ಮಾನ್ವಿಯ ಕುರಿಗಳು ಮತ್ತೆ ಗುಡ್ಡ ಹತ್ತಿವೆಯಂತೆ. ಹಳೆಯ ಲೇಖನ ಅಚ್ಚಾದ ಪತ್ರಿಕೆಗೇ ಇದನ್ನೂ ಕಳಿಸುತ್ತಿದ್ದೇನೆ. ದೊಣೆ ನೋಡಬೇಕೆನ್ನುವವರು ಆ ಊರಿಗೆ ಹೋಗಿ ಯಂಕಮ್ಮನ ಮನೆ ಕೇಳಿ.