ನ್ಯಾಯಮಂತ್ರಿಯ ಬ್ಯಾಡ್ಜು

ಇವತ್ತು ಶಾಲೆಯಿಂದ ಬಂದ ಮಗಳ ಎದೆಯ ಮೇಲೆ 'ನ್ಯಾಯಮಂತ್ರಿ' ಎಂಬ ಬ್ಯಾಡ್ಜಿತ್ತು. ಹಳೆಯ ಮದುವೆ ಕಾಗದ ಕತ್ತರಿಸಿ, ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದದ್ದು. ಸುಳ್ಯದ ಒಳಗಿನ ನಮ್ಮೂರ ಶಾಲೆಯಲ್ಲಿ ಚಿಕ್ಕಂದಿನಲ್ಲಿ ನನಗೂ ಅಂಥದ್ದೇ ಸಿಕ್ಕಿತ್ತು.

ಶಾಲಾ ಮಂತ್ರಿಮಂಡಲ ಮಾಡಿದ ದಿನ ಮಾಷ್ಟ್ರು ಮೇಜಿಗೆ ಬೆತ್ತ ಕುಟ್ಟಿ ವಿವರಿಸಿದ್ದರು: "ನಿಯಮ ಮಾಡುದು ಶಾಸಕಾಂಗ, ಅದನ್ನು ನಡೆಸುದು ಕಾರ್ಯಾಂಗ, ತಪ್ಪು ಯಾರದ್ದು ಅಂತ ಹೇಳುದು ನ್ಯಾಯಾಂಗ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕ್ಲಿಕ್ಕಿಲ್ಲ." ಆ ಮಾತನ್ನು ಪೂರ್ತಿ ನಂಬಿದವಳು ನಾನೊಬ್ಬಳೇ ಇರಬೇಕು.

ಮಕ್ಕಳೆಲ್ಲ ಕೈಯೆತ್ತಿ ಒಂದು ನಿಯಮ ಮಾಡಿದೆವು. ಬಿಸಿಯೂಟದ ಸಾಲು ತಪ್ಪಿಸಿ ಮುಂದೆ ನುಗ್ಗಿದವರು ಸಾರಿನ ಬಕೆಟ್ ತೊಳೆಯಬೇಕು. ಮೊದಲ ವಾರವೇ ನುಗ್ಗಿದವನು ಶಾಲೆ ನಡೆಸುವ ಸಂಚಾಲಕರ ಮಗ. ಸಾಲಿನಲ್ಲಿದ್ದವರೆಲ್ಲ ನೋಡಿದ್ದರು. ತೊಳೆಯಬೇಕು ಎಂದು ನಾನು ತೀರ್ಪು ಕೊಟ್ಟೆ. ಅವನು ಅಳುತ್ತಾ ತೊಳೆದ.

ಮರುದಿನ ಸಂಚಾಲಕರ ಜೀಪು ಬಂತು. ಅದು ಹೋದ ಮೇಲೆ ಮಾಷ್ಟ್ರು ನನ್ನನ್ನು ಕರೆದರು. "ಎಂತ ಮಾರಾಯ್ತಿ, ಯಾರು ಏನು ಅಂತ ನೋಡ್ಲಿಕ್ಕಿಲ್ವಾ ನಿಂಗೆ?" ಎನ್ನುತ್ತಾ ಪಿನ್ನು ಬಿಚ್ಚಿ, ನನ್ನ ಬ್ಯಾಡ್ಜನ್ನು ಆ ಹುಡುಗನ ಅಂಗಿಗೆ ಚುಚ್ಚಿದರು. ನನ್ನನ್ನು ಸ್ವಚ್ಛತಾ ಮಂತ್ರಿ ಮಾಡಿದರು. ಆ ವರ್ಷವಿಡೀ ಸಾರಿನ ಬಕೆಟ್ ತೊಳೆದದ್ದು ನಾನು. ತಳಕ್ಕೆ ಅಂಟಿದ ಬೇಳೆಯನ್ನು ಉಗುರಿನಿಂದ ಕೆರೆಯುತ್ತಿದ್ದರೆ, ಮಾಷ್ಟ್ರು ನನ್ನ ಮುಖ ನೋಡದೆ ಪಕ್ಕದಲ್ಲೇ ಹಾದುಹೋಗುತ್ತಿದ್ದರು.

"ಅಮ್ಮ, ನ್ಯಾಯಮಂತ್ರಿ ಎಂತ ಮಾಡುದು?" ಮಗಳು ಕೇಳಿದಳು.

"ತಪ್ಪು ಯಾರದ್ದು ಅಂತ ಹೇಳುದು," ಎಂದೆ.

ಅದಕ್ಕೂ ಮೊದಲು ಯಾರ ಮಗ ಎಂದು ನೋಡಬೇಕು ಎಂಬುದನ್ನು ನಾನು ಹೇಳಲಿಲ್ಲ. ಅದನ್ನು ಶಾಲೆಯೇ ಕಲಿಸುತ್ತದೆ.