ಗಿಡದ ಬುಡಕ ಮಾತಾಡಬಾರದು

ಹುಣಸಿ ಗಿಡ ಹತ್ತಿದಾವ ಮ್ಯಾಲ ಇರೂತನಕ ಕೆಳಗಿದ್ದವರು ತುಟಿ ಪಿಟಕ್ ಅನ್ನಬಾರದು. ನಮ್ಮ ಕಡೆ ಇದು ದೇವರ ಕಟ್ಟಳೆ ಏನಲ್ಲ, ಜೀವದ ಮಾತು. ಟೊಂಗಿ ಮುರಿಯೂಕಿಂತ ಮೊದಲ ಒಂದು ಸಣ್ಣ ಸಪ್ಪಳ ಮಾಡತೈತಿ. ಮ್ಯಾಲ ನಿಂತು ಕಾಲಿಲೆ ಟೊಂಗಿ ಒದ್ದು ಹಣ್ಣು ಉದುರಿಸಾವಗ ಆ ಸಪ್ಪಳ ಕೇಳಬೇಕು. ಕೆಳಗ ಹೆಣ್ಣುಮಕ್ಕಳು ಹರಟಿ ಹೊಡಕೋತ ಕುಂತ್ರ ಹೆಂಗ ಕೇಳೀತು? ನನ್ನಂಥಾಕಿಗೆ ಇದು ದೊಡ್ಡ ಶಿಕ್ಷಾ ನೋಡ್ರಿ. ಮನ್ಯಾಗ ನನ್ನ ಬಾಯಿ ಒಂದು ಗಳಿಗಿ ಸುಮ್ಮನಿರಂಗಿಲ್ಲ.

ಹೋದ ವರ್ಷ ಹುಣಸಿ ಸುಗ್ಗಿ ಮುಗಿಯೂ ಹೊತ್ತಿಗೆ ಇವರು ಗಿಡದಿಂದ ಬಿದ್ರು. ಇವರು ಅಂದ್ರ ನಮ್ಮ ಮನಿಯವರು. ಎಡಗಾಲು ಮುರೀತು. ಕೊಪ್ಪಳದ ದವಾಖಾನ್ಯಾಗ ರಾಡ್ ಹಾಕಿ ಕಳಿಸಿದ್ರು. ಮಳಿಗಾಲ ಹೋತು, ಚಳಿಗಾಲ ಬಂತು. ಚಳಿಗೆ ಒಳಗಿನ ಕಬ್ಬಿಣ ಸೆಳೀತೈತಿ ಅಂತ ಒಲಿ ಮುಂದ ಕುಂದರೋರು. ಸುಳ್ಳ ಯಾಕ ಹೇಳ್ಲಿ, ಆ ಚಳಿ ಮುಗೀಬಾರದು ಅಂತ ನನಗ ಅನ್ನಿಸಿತ್ತು. ಸಂಕ್ರಾಂತಿ ದಾಟಿ ಬಿಸಲು ಏರಿ, ಹುಣಸಿ ಹಣ್ಣಾಗಾಕ ಹತ್ತಿದಂಗ ನಾ ಇವರ ಬೆನ್ನು ಹತ್ತಿದೆ.

"ಈ ವರ್ಷ ಬ್ಯಾಡ್ರಿ. ಕೆಳಗ ನಿಂತು ಬಿದಿರಿನ ಗಳದಿಂದ ಸಿಕ್ಕಷ್ಟು ಬಡೀರಿ, ಸಾಕು" ಅಂದೆ.

"ಹೆಂಗಸರ ಜೋಡಿ ಕುಂತು ಹಣ್ಣು ಆರಿಸಲೇನು?" ಅಂತ ಗುರ್ ಅಂದ್ರು.

ನೀವರೆ ಹೇಳ್ರಿ ಅಂತ ಇವರ ಅವ್ವಗ, ನಮ್ಮ ಅತ್ತಿಗೆ, ಗಂಟು ಬಿದ್ದೆ. "ತಿಳುವಳಿಕಿ ಬಂದಾಗಿಂದ ಗಿಡ ಹತ್ಯಾನ, ಅವಗ ನೀ ಕಲಸ್ತೀ?" ಅಂದ್ಲು. ಹೇಳುವಾಗ ನನ್ನ ಮಾರಿ ನೋಡಲಿಲ್ಲ. ಆಕಿಗೂ ಅಂಜಿಕಿ ಐತಿ ಅಂತ ಗೊತ್ತಾತು.

ನಾವು ಹಣ್ಣಿಗೆ ಗುತ್ತಿಗಿ ಹಿಡದ ಗಿಡದಾಗ, ಹನುಮಸಾಗರದ ಹಾದ್ಯಾಗ ಒಬ್ಬರ ಹೊಲದ ಬದುವಿನ ಮ್ಯಾಲಿನ ಗಿಡ ಮೊದಲನೇದು. ನಾನು, ಅತ್ತಿ, ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು ಬುಡಕ ತಾಡಪತ್ರಿ ಹಾಸಿದ್ವಿ. ಇವರು ಚಪ್ಪಲ್ ಬಿಟ್ಟು, ಗಿಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ರು. ಬಲಗಾಲು ಇಟ್ರು. ಎಡಗಾಲು ಯಾರದೋ ಸಾಮಾನು ಎತ್ತಿ ಇಟ್ಟಂಗ ಇಟ್ರು.

ಮೊದಲ ಟೊಂಗಿ ಒದ್ರು. ಹಣ್ಣು ಪಟಪಟ ಬಿದ್ವು. ಓಣಿಯಾಕಿ ಒಬ್ಬಾಕಿ ನನ್ನ ನೋಡಿ ನಕ್ಕಳು, ಕಂಡ್ಯಾ, ಏನೂ ಆಗಲಿಲ್ಲ ಅನ್ನೂವಂಗ. ಎರಡನೇದು ಒದ್ರು. ಇನ್ನೂ ಮ್ಯಾಲ ಹೋದ್ರು. ಆಮ್ಯಾಲ ಹಣ್ಣು ಬೀಳೂದು ನಿಂತು ಹೋತು.

ಕಾದ್ವಿ. ತಂಬಾಕ ಹಾಕ್ಕೊಳಾಕ ಹತ್ಯಾನ ಅಂತ ಅತ್ತಿ ಕೈಸನ್ನಿ ಮಾಡಿದ್ಲು. ನಾನೂ ಹಂಗ ನಂಬಬೇಕಂತ ಮಾಡಿದೆ. ಸ್ವಲ್ಪ ಸರಿದು ಕತ್ತೆತ್ತಿ ನೋಡಿದ್ರ, ಎಪ್ಪಾ! ಟೊಂಗಿ ಅಪ್ಪಿಕೊಂಡು ಕುಂತಾರ, ಕಣ್ಣು ಮುಚ್ಚ್ಯಾರ. ಎಡಗಾಲು ಗಾಳ್ಯಾಗ ಜೋತು ಬಿದ್ದೈತಿ, ಪಾದ ಥರಥರ ನಡಗತೈತಿ. ಏರಾಕೂ ಆಗವಲ್ದು, ಇಳಿಯಾಕೂ ಆಗವಲ್ದು.

ಕರದ್ರ ಬೆಚ್ಚಿ ಬಿದ್ದಾರು. ಕರೀಲಿಲ್ಲ ಅಂದ್ರ ಕೈ ಸೋತು ಬಿದ್ದಾರು. ಹೋದ ವರ್ಷಾನೂ ನಾವು ಹಿಂಗ ಸುಮ್ಮನ ಕುಂತಿದ್ವಿ. ಟೊಂಗಿ ಸಪ್ಪಳ ಅವರು ಕೇಳಿದ್ರೋ ಇಲ್ಲೋ, ಮೈ ನೆಲಕ್ಕ ಬಡದ ಸಪ್ಪಳ ನಾ ಕೇಳಿದ್ದೆ. ಅದ ಮತ್ತ ಕಿವ್ಯಾಗ ಬಂದಂಗ ಆತು. ಬಾಯಿ ತೆರದೆ. ಅತ್ತಿ ನನ್ನ ರಟ್ಟಿ ಹಿಡದು ಚೂಟಿದ್ಲು. ಕೊಸರಿಕೊಂಡೆ.

ಚೀರಲಿಲ್ಲ ನೋಡ್ರಿ. ಮನ್ಯಾಗ ಹೆಂಗ ಗೊಣಗತೀನೋ ಹಂಗ ಶುರು ಮಾಡಿದೆ. "ಮುಂಜಾನಿ ಹೇಳಿದ್ದೆ, ಆಕಳಿಗೆ ನೀರು ಇಟ್ಟು ಬರ್ರಿ ಅಂತ. ಇಟ್ರೇನು? ಇಡಲಿಲ್ಲ. ಬುತ್ತಿ ಗಂಟು ನಾನ ಹೊತ್ತೆ, ನೀರಿನ ಕೊಡ ನಾನ ಹೊತ್ತೆ. ನಿಮಗೇನು, ಮಾರಾಜರಂಗ ಮ್ಯಾಲ ಕುಂತೀರಿ." ಅಷ್ಟಕ್ಕ ಬಿಡಲಿಲ್ಲ. ರೊಟ್ಟಿ, ಚಟ್ನಿ, ಅವರ ಹರಕ ಅಂಗಿ, ಬಾಯಿಗೆ ಬಂದದ್ದೆಲ್ಲ ಅಂದೆ. ಈಕಿಗೆ ಹುಚ್ಚ ಹಿಡದೈತಿ ಅನ್ನೂವಂಗ ಓಣಿಯವರು ನೋಡಿದ್ರು.

ಭಾಳ ಹೊತ್ತಾದ ಮ್ಯಾಲ ಗಿಡದಾಗಿಂದ ಒಂದು ಸಣ್ಣ ದನಿ ಬಂತು. "ಸಾಕು ಮಾಡ. ತಲಿ ತಿನ್ನಬ್ಯಾಡ."

"ತಿಂತೀನಿ. ಇಳದು ಬಂದು ನನ್ನ ಬಾಯಿ ಮುಚ್ಚರಿ" ಅಂದೆ.

"ಕಾಲು ಎಲ್ಲೈತಿ ತಿಳೀವಲ್ದು" ಅಂದ್ರು.

"ನನಗ ಕಾಣತೈತಿ. ಎಡಗಾಲು ಹಿಂದ ಸರಸ್ರಿ. ಇನ್ನೊಂದು ಚೂರು. ಹಾಂ, ಅಲ್ಲೇ ಒಂದು ಗಂಟು ಐತಿ, ಊರ್ರಿ."

ಊರಿದ್ರು. ಜಾರಿತು. ತೊಗಟಿ ಉದುರಿ ನನ್ನ ಕಣ್ಣಾಗ ಬಿತ್ತು. ಅತ್ತಿ ಸೆರಗು ಬಾಯಾಗ ತುರುಕಿಕೊಂಡ್ಲು. ಮತ್ತ ಹೇಳಿದೆ, ಮತ್ತ ಊರಿದ್ರು, ನಿಂತಿತು. ನಾ ಹೇಳಕೋತ, ಅವರು ಇಳಕೋತ, ಕಡಿಗೆ ಪಾದ ನನ್ನ ಕೈಗೆ ಸಿಕ್ಕಿತು. ತಣ್ಣಗಿತ್ತು, ಬೆವತಿತ್ತು.

ನೆಲಕ್ಕ ಬಂದ ಕೂಡ್ಲೇ ಗಿಡದ ಬುಡಕ ಕುಸದು ಕುಂತ್ರು. ಅತ್ತಿ ಮುಂದ ನನ್ನ ಕಡೆ ನೆಟ್ಟಗ ನೋಡಿದಾವರೂ ಅಲ್ಲ ಇವರು. ಅವತ್ತು ಎಲ್ಲರ ಎದರಿಗೆ ನನ್ನ ಸೀರಿ ಚುಂಗು ಮುಷ್ಟ್ಯಾಗ ಹಿಡಕೊಂಡ್ರು.

"ನಾನ ಜಿದ್ದು ಮಾಡಿದ್ರೂ ಇನ್ನ ನನ್ನ ಹತ್ತಾಕ ಬಿಡಬ್ಯಾಡ" ಅಂದ್ರು. "ಬಿದ್ದಾಗಿಂದ ಒಂದು ರಾತ್ರಿನೂ ನೆಟ್ಟಗ ನಿದ್ದಿ ಬಂದಿಲ್ಲ ನನಗ."

ದಿನಾ ರಾತ್ರಿ ಅವರು ಗೋಡಿ ಕಡೆ ಮಾರಿ ಮಾಡಿ ಮಲಗೋರು. ನಿದ್ದಿ ಹತ್ತೈತಿ, ಎಬ್ಬಿಸಬಾರದು ಅಂತ ನಾ ಉಸರು ಬಿಗಿ ಹಿಡದು ಬಿದ್ದಿರತಿದ್ದೆ. ಅಷ್ಟು ದಿನ ಒಂದ ಚಾಪಿ ಮ್ಯಾಲ ಇಬ್ಬರೂ ಎಚ್ಚರ ಇದ್ವಿ.