ಎಡಭುಜದ ಅರ್ಧ ಇಂಚು

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಒತ್ತಿ ಒತ್ತಿ ಎದ್ದ ಒಂದು ಗಂಟಿತ್ತು. ಹುಣಸೆ ಬೀಜದಷ್ಟು ದೊಡ್ಡದು, ಅಷ್ಟೇ ನುಣುಪು. ಯೋಚನೆ ಮಾಡುವಾಗ ಅದನ್ನು ತೋರುಬೆರಳಿನಿಂದ ಸವರುತ್ತಿದ್ದರು. ಪುತ್ತೂರಿನಲ್ಲಿ ಇಪ್ಪತ್ತು ವರ್ಷ ನನಗೆ ರವಿಕೆ ಹೊಲಿದುಕೊಟ್ಟ ಟೈಲರಣ್ಣ ಅವರು.

ಮದುವೆಯಾದ ಹೊಸತರಲ್ಲಿ ಮೊದಲ ಸಲ ಹೋದಾಗ, ಬಾಗಿಲಲ್ಲಿ ನಿಂತ ನನ್ನನ್ನು ನೋಡಿಯೇ ಹೇಳಿದ್ದರು: “ಅಕ್ಕ, ನಿಮ್ಮ ಎಡಭುಜ ಅರ್ಧ ಇಂಚು ತಗ್ಗು. ಸೆರಗು ಜಾರ್ತದಲ್ವಾ?”

ನನಗೆ ನಾಚಿಕೆಯಾಯಿತು. ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲು ನಿಂತಾಗ ಸಿಸ್ಟರ್ ಬಂದು ಮರದ ಸ್ಕೇಲಿನಿಂದ ಆ ಭುಜಕ್ಕೇ ತಟ್ಟಿ “ನೆಟ್ಟಗೆ ನಿಲ್ಲು” ಎನ್ನುತ್ತಿದ್ದರು. ಅದು ನನ್ನ ಸೋಮಾರಿತನವೆಂದೇ ನಾನೂ ನಂಬಿದ್ದೆ. ಅದನ್ನು ಹೇಳಿದಾಗ ಟೈಲರಣ್ಣ ನಕ್ಕರು. “ಅದು ಎಲುಬು ಮಾರಾಯ್ರೆ. ಎಲುಬಿಗೆ ಬೈದು ಎಂತ ಪ್ರಯೋಜನ?”

ಮುಖ ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕಿ ನಕ್ಕರೆ ಸುಮ್ಮನೆ ದಾಟಿಹೋಗುವರು. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕೂಗು: “ಓ ಅಕ್ಕ! ನೀವಾ? ರವಿಕೆ ರೆಡಿ ಉಂಟು!”

ಖಾಯಂ ಗಿರಾಕಿಗಳ ಅಳತೆಯನ್ನು ಹಳೆ ಪೇಪರಿನಲ್ಲಿ ಕತ್ತರಿಸಿ, ದಾರದಲ್ಲಿ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಫ್ಯಾನ್ ತಿರುಗಿದರೆ ಆ ಕಾಗದದ ರವಿಕೆಗಳೆಲ್ಲ ಪಟಪಟ ಎನ್ನುತ್ತಿದ್ದವು. ಅವುಗಳ ಮೇಲೆ ಹೆಸರಿಲ್ಲ, ಊರು ಮಾತ್ರ. ‘ಕೊಯಿಲ, ಕುತ್ತಿಗೆ ಅಗಲ’. ‘ಸಂಪಾಜೆ, ತೋಳು ಬಿಗಿ ಬೇಡ’. ನನ್ನ ತವರು ಸುಳ್ಯದ ಕಡೆಯ ಮರ್ಕಂಜ; ಅಮ್ಮ ಹುಟ್ಟಿದ್ದೂ ಅದೇ ಊರಿನಲ್ಲಿ. ಹಾಗಾಗಿ ನನ್ನಮ್ಮ ‘ಮರ್ಕಂಜ ದೊಡ್ಡದು’, ನಾನು ‘ಮರ್ಕಂಜ ಸಣ್ಣದು’.

ಅಮ್ಮನಿಗೆ ಎರಡು ವರ್ಷ ತುಂಬುವ ಮೊದಲೇ ಅವಳ ಅಮ್ಮ ತೀರಿಕೊಂಡಿದ್ದರು. ಮನೆಯಲ್ಲಿ ಒಂದು ಫೋಟೋ ಇಲ್ಲ. ಅವರ ಮುಖ ಕಂಡವರು ಯಾರೂ ಈಗ ಉಳಿದಿಲ್ಲ. ಆದರೆ ಅಮ್ಮನನ್ನು ಸಾಕಿದ ದೊಡ್ಡಮ್ಮ ಒಂದು ಮಾತು ಹೇಳುತ್ತಿದ್ದರಂತೆ: ಸುಳ್ಯದ ಶಿಶು ಪ್ರದರ್ಶನದಲ್ಲಿ ನಿನಗೆ ಬಹುಮಾನ ಬಂದಿತ್ತು, ನಿನ್ನನ್ನು ಎತ್ತಿಕೊಂಡ ನಿನ್ನಮ್ಮನ ಫೋಟೋ ಪೇಪರಿನಲ್ಲಿ ಬಂದಿತ್ತು, ಎಂದು. ಅಮ್ಮನ ದೃಷ್ಟಿ ಮಸುಕಾಗುತ್ತಿದೆ, ಇನ್ನು ಇದ್ದದ್ದನ್ನು ಉಳಿಸಿಕೊಳ್ಳುವುದಷ್ಟೇ ಎಂದು ಡಾಕ್ಟರು ಹೇಳಿದ ದಿನ, ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿ ಹೇಳಿದಳು: “ಪೂರ್ತಿ ಕತ್ತಲೆ ಆಗುವ ಮೊದಲು ಅವಳ ಮುಖ ಒಮ್ಮೆ ನೋಡ್ಬೇಕಿತ್ತು.”

ಅಂದಿನಿಂದ ಗುರುವಾರಗಳಂದು ಅಡುಗೆ ಮುಗಿಸಿ, ಹಳೆಯ ಪತ್ರಿಕೆಗಳನ್ನು ವರ್ಷವಾರು ಬೈಂಡ್ ಮಾಡಿಟ್ಟಿದ್ದ ಗ್ರಂಥಾಲಯವೊಂದಕ್ಕೆ ಹೋಗತೊಡಗಿದೆ. ಮೂಗಿಗೆ ಕರ್ಚೀಫು ಕಟ್ಟಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಹಾಳೆಗಳನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ತಿರುಗಿಸಿದೆ. ಅಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಅಮ್ಮ ಹುಟ್ಟಿದ ಮೇಲಿನ ಎರಡು ವರ್ಷಗಳ ಪೇಪರನ್ನು ಎರಡೆರಡು ಸಲ ಮುಗಿಸಿದ ಮೇಲೆ, ರವಿಕೆ ಕೊಡಲು ಹೋದಾಗ ಟೈಲರಣ್ಣನ ಹತ್ತಿರ ದುಃಖ ಹೇಳಿಕೊಂಡೆ.

“ಎಂತ ಹುಡುಕಿದ್ದು ನೀವು?”

“ಅಜ್ಜಿ ಹೆಸರು.”

“ಅಯ್ಯೋ ದೇವರೇ! ಆಗಿನ ಪೇಪರಿನಲ್ಲಿ ಹೆಂಗಸರ ಹೆಸರು ಎಲ್ಲಿಂದ ಬರ್ಬೇಕು? ನನ್ನ ಗೋಡೆಯಲ್ಲೇ ಇಲ್ಲ. ಮರ್ಕಂಜ ಅಂತ ಹುಡುಕಿ ಅಕ್ಕ.”

ಮುಂದಿನ ಗುರುವಾರ ಎರಡನೇ ಸಂಪುಟದಲ್ಲಿ ಅದು ಸಿಕ್ಕಿತು. ಅಂಗೈಯಗಲದ ಫೋಟೋ, ಐದು ತಾಯಂದಿರು, ಐದು ಮಕ್ಕಳು. ಕೆಳಗೆ ‘ಬಹುಮಾನ ಪಡೆದ ಶಿಶುಗಳು’ ಎಂದಷ್ಟೇ. ಪಕ್ಕದ ವರದಿಯಲ್ಲಿ ತಂದೆಯರ ಹೆಸರುಗಳು ಮಾತ್ರ. ಅದರಲ್ಲಿ ಮರ್ಕಂಜದ ನನ್ನ ಅಜ್ಜನ ಹೆಸರು! ಅಜ್ಜಿಯ ಹೆಸರಿಲ್ಲವೆಂದು ಈ ಪುಟವನ್ನು ನಾನೇ ಎರಡು ಸಲ ದಾಟಿ ಹೋಗಿದ್ದೆ. ಬಾಯಿಯಿಂದ ಕೂಗು ಹೊರಟೇಬಿಟ್ಟಿತು. ಗ್ರಂಥಾಲಯದವರು ಓಡಿಬಂದರು. “ಎಂತಾಯ್ತು ಮೇಡಂ? ಜಿರಳೆಯಾ?”

“ಅಲ್ಲ, ನನ್ನ ಅಜ್ಜಿ!” ಎಂದೆ.

ಆದರೆ ಐವರಲ್ಲಿ ಯಾರು? ಮೊಬೈಲಿನಲ್ಲಿ ತೆಗೆದದ್ದನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿಕೊಂಡು, ಕೊಡೆಯನ್ನು ಗ್ರಂಥಾಲಯದಲ್ಲೇ ಮರೆತು, ಟೈಲರಣ್ಣನ ಅಂಗಡಿಗೆ ಓಡಿದೆ.

ಅವರು ಕನ್ನಡಕ ಒರೆಸಿದರು. ಮೊಳೆಯಿಂದ ಎರಡು ಮರ್ಕಂಜಗಳನ್ನೂ ಬಿಡಿಸಿ ಮೇಜಿನ ಮೇಲೆ ಹರಡಿದರು. ಆಮೇಲೆ ಮರದ ಸ್ಕೇಲು ತೆಗೆದು ಫೋಟೋದ ಮೇಲೆ ಅಡ್ಡ ಇಟ್ಟು, ಐವರ ಮುಖವನ್ನೂ ಮುಚ್ಚಿಬಿಟ್ಟರು!

“ಇದೆಂತ ಟೈಲರಣ್ಣ? ಮುಖ ನೋಡ್ಲಿಕ್ಕೇ ಅಲ್ವಾ ನಾನು ಇಷ್ಟು ಒದ್ದಾಡಿದ್ದು?”

“ಮುಖ ನೋಡಿದ್ರೆ ನನಗೆ ತಲೆ ಕೆಡ್ತದೆ. ಸ್ವಲ್ಪ ಸುಮ್ಮನಿರಿ.” ಹೆಬ್ಬೆರಳಿನ ಗಂಟು ಸವರುತ್ತ ಒಬ್ಬೊಬ್ಬರನ್ನಾಗಿ ನೋಡಿದರು. “ಎಲ್ಲರೂ ಮಗುವನ್ನು ಎಡಗೈಯಲ್ಲಿ ಎತ್ತಿದ್ದಾರೆ. ಹಾಗೆ ಎತ್ತಿದ್ರೆ ಎಡಭುಜ ಮೇಲೆ ಹೋಗ್ತದೆ. ನಾಲ್ಕು ಜನರದ್ದು ಹೋಗಿದೆ. ಈ ಕೊನೆಯವರದ್ದು, ನೋಡಿ, ಹೋಗ್ಲೇ ಇಲ್ಲ.” ನನ್ನ ಕಾಗದದ ಭುಜವನ್ನು ಆ ಚಿತ್ರದ ಪಕ್ಕಕ್ಕೆ ಸರಿಸಿದರು. ಅದೇ ಇಳಿಜಾರು.

ಆಮೇಲೆ ಸ್ಕೇಲು ತೆಗೆದು, ಕಾಗದ ನನ್ನ ಕಡೆ ತಿರುಗಿಸಿದರು. “ಇನ್ನು ನೀವು ನೋಡಿ. ಮುಖ ನಿಮ್ಮ ಇಲಾಖೆ.”

ಅಗಲ ಹಣೆ. ಮೂಗುತಿ ಒಂದು ಬಿಳಿ ಚುಕ್ಕೆ. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ, ನನ್ನ ಅಜ್ಜಿ ಮಗುವನ್ನು ನೋಡುತ್ತಿದ್ದರು.

ಭಾನುವಾರ ಮರ್ಕಂಜಕ್ಕೆ ಹೋದೆ. ಐವರಲ್ಲಿ ಅಜ್ಜಿ ಯಾರೆಂದು ಅಮ್ಮನಿಗೆ ನಾನು ಹೇಳಲಿಲ್ಲ. ಟೈಲರಣ್ಣ ತಪ್ಪಿರಬಹುದೆಂಬ ಅಳುಕು ಒಳಗೇ ಇತ್ತು. ಅಮ್ಮ ಅಂಗಳದ ಬಿಸಿಲಲ್ಲಿ ಕೂತು, ಭೂತಗನ್ನಡಿಯನ್ನು ಒಂದೊಂದೇ ಮುಖದ ಮೇಲೆ ಸರಿಸುತ್ತ ಬಂದಳು. ಕೊನೆಯದರಲ್ಲಿ ಕೈ ನಿಂತಿತು.

“ಇವಳ ಸೆರಗು ನೋಡು,” ಎಂದಳು. “ನನ್ನದರ ಹಾಗೇ ಜಾರ್ತಾ ಉಂಟು.” ಮತ್ತೆ ಕಾಗದವನ್ನು ಕಣ್ಣಿಗೆ ಹತ್ತಿರ ತಂದಳು. ಮಗುವಿನ ಮುಷ್ಟಿಯಲ್ಲಿ ಆ ಸೆರಗಿನ ಅಂಚಿತ್ತು. “ಬೀಳದ ಹಾಗೆ ನಾನೇ ಹಿಡ್ಕೊಂಡಿದ್ದೇನೆ ಮಾರಾಯ್ತಿ!”

ಅಮ್ಮ ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಮೊದಲು ಕೇಳಿರಲಿಲ್ಲ. ಆ ನಗುವಿನ ನಡುವೆಯೇ ಅತ್ತಳು.

ಟೈಲರಣ್ಣನಿಗೆ ಸುದ್ದಿ ಹೇಳಿದಾಗ ‘ಹ್ಞೂಂ’ ಎಂದು ಹೊಲಿಗೆ ಮುಂದುವರಿಸಿದರು. ಆದರೆ ನಾನು ಕೊಟ್ಟ ಫೋಟೋದ ಒಂದು ಪ್ರತಿಯನ್ನು ತೂತು ಮಾಡಿ ನಮ್ಮಿಬ್ಬರ ಜೊತೆಗೇ ಮೊಳೆಗೆ ಹಾಕಿದರು. ಮೇಲೆ ಪೆನ್ಸಿಲಿನಲ್ಲಿ ಬರೆದರು: ‘ಮರ್ಕಂಜ, ಮೊದಲಿನದು’.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅವರು ಹೋದರು. ಅಂಗಡಿ ಖಾಲಿ ಮಾಡುವಾಗ ಅವರ ಮಗಳು ಆ ಮೂರನ್ನೂ, ಪೋಣಿಸಿದ ದಾರದ ಸಮೇತ, ನನ್ನ ಕೈಗೆ ಕೊಟ್ಟರು. ಅಮ್ಮನಿಗೆ ಈಗ ಫೋಟೋ ಕಾಣುವುದಿಲ್ಲ. ಯಾರು ಬಂದರೂ ಕಾಗದ ತರಿಸಿ, ಮುಷ್ಟಿ ಇರುವ ಜಾಗಕ್ಕೆ ಸರಿಯಾಗಿ ಬೆರಳಿಟ್ಟು ತೋರಿಸುತ್ತಾಳೆ.

ಮೊನ್ನೆ ಹೊಸ ಟೈಲರಿಂಗ್ ಅಂಗಡಿಯ ಹುಡುಗಿ ನನ್ನ ಬೆನ್ನಿಗೆ ಟೇಪು ಹಿಡಿದು ಹೇಳಿದಳು: “ಆಂಟಿ, ಎಡಗಡೆ ತಗ್ಗು ಉಂಟು. ಒಳಗೆ ಪ್ಯಾಡ್ ಇಟ್ಟು ಸಮ ಮಾಡ್ಲಾ?”

“ಬೇಡ ಮಗಾ,” ಎಂದೆ. “ತಗ್ಗೇ ಇರ್ಲಿ.”